ರಜೆಯ ದಿನದ ವಾಯಿದೆ

ಎಂಬತ್ತರ ದಶಕದ ಕೊನೆಯಲ್ಲಿ ಜಯನಗರದ ಹಿರಿಯ ವಕೀಲರೊಬ್ಬರ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಇಬ್ಬರು ಪ್ರೋಗ್ರಾಮರುಗಳನ್ನು ಕೂರಿಸಿಕೊಂಡು, ಕೇಸುಗಳ ವಾಯಿದೆ ಪಟ್ಟಿ ಮಾಡುವ ಪ್ರೋಗ್ರಾಂ ಬರೆಸಿದೆ. ದಿನಾ ಬೆಳಿಗ್ಗೆ ಅಂದಿನ ಕೇಸುಗಳು ಅಚ್ಚಾಗಿ ಬರುತ್ತಿದ್ದವು. ಎರಡು ತಿಂಗಳು ಸರಿಯಾಗಿ ನಡೆದ ಮೇಲೆ, ಗುಮಾಸ್ತರು ಕೈಯಲ್ಲಿ ಬರೆಯುತ್ತಿದ್ದ ಡೈರಿ ಬೇಡವೆಂದೆ.

"ಇರ್ಲಿ ಬಿಡಿ ಸಾರ್, ಅದೇನ್ ಅನ್ನ ಕೇಳುತ್ತಾ?" ಎಂದರು ಅವರು.

"ಎರಡೆರಡು ಕಡೆ ಬರೆಯೋದಾದ್ರೆ ಇದನ್ನ ತಂದಿದ್ದು ಯಾಕೆ?" ಎಂದೆ.

ಒಂದು ಸೋಮವಾರ, ನಾಯಕರೊಬ್ಬರು ತೀರಿಕೊಂಡರೆಂದು ಸರ್ಕಾರ ದಿಢೀರನೆ ರಜೆ ಸಾರಿತು. ಅಂಥ ದಿನದ ಕೇಸುಗಳನ್ನು ಕೋರ್ಟು ಮರುದಿನ ಕೂಗಿಸುತ್ತದೆ. ಗುಮಾಸ್ತರಾಗಿದ್ದರೆ ಡೈರಿಯ ಹಿಂದಿನ ಹಾಳೆಯನ್ನೂ ನೋಡಿಕೊಂಡೇ ಹೊರಡುತ್ತಿದ್ದರು. ನಮ್ಮ ಪ್ರೋಗ್ರಾಂ ಮಂಗಳವಾರದ ಕೇಸುಗಳನ್ನಷ್ಟೇ ಅಚ್ಚು ಹಾಕಿತು. ರಜೆ ಬಂದರೆ ಏನು ಮಾಡುತ್ತೀರೆಂದು ನಾನು ಗುಮಾಸ್ತರನ್ನು ಒಮ್ಮೆಯೂ ಕೇಳಿರಲಿಲ್ಲ.

ಸೋಮವಾರದ ಕೇಸುಗಳಲ್ಲಿ ತ್ಯಾಗರಾಜನಗರದ ಹೆಂಗಸೊಬ್ಬರದೂ ಇತ್ತು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಬದುಕುತ್ತಿದ್ದವರು. ಖಾಲಿ ಮಾಡಿಸಲು ಮಾಲೀಕರು ಕೇಸು ಹಾಕಿದ್ದರು. ಮಂಗಳವಾರ ಕೂಗಿದಾಗ ನಮ್ಮ ಕಡೆಯವರು ಯಾರೂ ಇರಲಿಲ್ಲ. ಆಕೆಯ ಮಾತು ಕೇಳದೆಯೇ ಆದೇಶವಾಯಿತು. ಕೋರ್ಟಿನ ಅಮೀನ ಆಕೆಯ ಬಾಗಿಲಿಗೆ ಬಂದಾಗಲೇ ನಮಗೆ ತಿಳಿದದ್ದು. ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ತಪ್ಪು ಎಲ್ಲಿದೆಯೆಂದು ಗೊತ್ತಾಯಿತು.

ಆದೇಶ ರದ್ದಾಗಬೇಕಾದರೆ ಬಾರದಿದ್ದುದಕ್ಕೆ ಕಾರಣ ಕೊಡಬೇಕಿತ್ತು. ವಕೀಲರು ಹೇಳಿದರು, ಅದೇ ಕಂಪ್ಯೂಟರಿನಲ್ಲಿ ನಾನು ಆಕೆಯ ಹೆಸರಿನ ಪ್ರಮಾಣಪತ್ರ ಟೈಪ್ ಮಾಡಿದೆ: ಅರ್ಜಿದಾರರು ಕಾಮಾಲೆಯಿಂದ ಮಲಗಿದ್ದು ವಕೀಲರನ್ನು ಕಾಣಲಾಗಲಿಲ್ಲ.

ಓದಿ ಹೇಳಿದಾಗ ಆಕೆ ನಕ್ಕರು. "ಕಾಮಾಲೆನಾ? ನಂಗೆ ನೆಗಡೀನೂ ಬಂದಿಲ್ವಲ್ಲ ಸಾರ್."

"ಎಲ್ರೂ ಹೀಗೇ ಬರೆಯೋದಮ್ಮ, ಸೈನ್ ಹಾಕಿ," ಎಂದರು ವಕೀಲರು.

ಆಕೆ ನನ್ನ ಕಡೆ ತಿರುಗಿದರು. "ನಿಜವಾಗ್ಲೂ ಏನಾಯ್ತು, ಸಾರ್?"

ನಾನು ಕಾಗದಗಳನ್ನು ಜೋಡಿಸುತ್ತಿದ್ದೆ. "ಸೈನ್ ಹಾಕಿ ಮೇಡಂ," ಎಂದೆ.

ಕಟಕಟೆಯಲ್ಲಿ ನಿಂತ ಆಕೆಯನ್ನು ಎದುರು ವಕೀಲರು, "ಯಾವ ಡಾಕ್ಟ್ರಮ್ಮ ನೋಡಿದ್ದು?" ಎಂದು ಕೇಳಿದರು. ಆಕೆ ನ್ಯಾಯಾಧೀಶರಿಗೆ ಕೈಮುಗಿದರು. "ನಂಗೇನೂ ಆಗಿರ್ಲಿಲ್ಲ ಸ್ವಾಮಿ. ಸೈನ್ ಹಾಕಿ ಅಂದ್ರು, ಹಾಕ್ದೆ."

ಅರ್ಜಿ ವಜಾ ಆಯಿತು. ಸುಳ್ಳು ಪ್ರಮಾಣಪತ್ರ ಸಲ್ಲಿಸಿದವರೆಂದು ಆದೇಶದಲ್ಲಿ ಬರೆದದ್ದು ಆಕೆಯ ಹೆಸರನ್ನು. ನಾನು ಹಿಂದಿನ ಬೆಂಚಿನಲ್ಲೇ ಕೂತಿದ್ದೆ, ಏಳಲಿಲ್ಲ.

ಸಾಮಾನನ್ನು ಬೀದಿಗಿಟ್ಟ ದಿನ ನಾನು ಹೋಗಲಿಲ್ಲ. ಗುಮಾಸ್ತರು ಹೋಗಿ, ಹೊಲಿಗೆ ಮಷಿನನ್ನು ಗಾಡಿಗೆ ಏರಿಸಲು ಕೈ ಕೊಟ್ಟು ಬಂದರು. ಆಕೆ ಎಲ್ಲಿಗೆ ಹೋದರೆಂದು ಕೇಳಿದೆ.

"ನಿಮಗ್ಯಾಕೆ ಸಾರ್ ಅದು?" ಎಂದರು.