ರಾಮಾಂಜಿನಮ್ಮನ ಪೌಡ್ರು, ನಮ್ಮತ್ತೆಯ ಕಲ್ಲುಚಟ್ಟಿ

ನನ್ನ ವಾರಗಿತ್ತಿ ರಾಮಾಂಜಿನಮ್ಮ ಪೌಡ್ರು ಹಾಕದೆ ಹೊಸಿಲು ದಾಟಿದ್ದನ್ನ ಹೊಳವನಹಳ್ಳಿಯಲ್ಲಿ ಯಾರೂ ಕಂಡಿಲ್ಲ. ಮದುವೆಗೆ ಸರಿ, ಕಡ್ಲೆಕಾಯಿ ಹೊಲದಲ್ಲಿ ಕಳೆ ತೆಗೆಯೋಕೆ ಹೋದರೂ ಮುಖಕ್ಕೆ ಒಂದು ಕೈ, ಕತ್ತಿಗೆ ಎರಡು ಕೈ. ಬೆವರು ಇಳಿದ ಕಡೆಯೆಲ್ಲ ಗೆರೆ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಅಳಿಲಿನ ಬೆನ್ನಿನಂಗೆ ಕಾಣೋಳು. ಅವಳ ಗಂಡ, ಅಂದರೆ ನನ್ನ ಮೈದುನ ಕದಿರಯ್ಯ, "ಗೋಡೆಗೆ ವರ್ಸಕ್ಕೊಂದ್ಸಲ ಸುಣ್ಣ ಹೊಡೀತೀವಿ, ಇವ್ಳಿಗೆ ದಿನಾ ಯುಗಾದಿ" ಅನ್ನೋನು. ಅವಳು ಕೇಳಿಸದವಳಂಗೆ ಇನ್ನೊಂದು ಕೈ ಬಳಿಯೋಳು.

ಅವನಿಗೂ ಒಂದು ಹುಚ್ಚಿತ್ತು. ನಮ್ಮತ್ತೆ ತವರಿಂದ ತಂದಿದ್ದ ಕಲ್ಲುಚಟ್ಟಿ. ಬಸ್ಸಾರು ಅದರಲ್ಲೇ ಕುದಿಬೇಕು. ಬೇರೆ ಪಾತ್ರೆಯಲ್ಲಿ ಕುದಿಸಿದರೆ ಮೂಸಿಯೇ ಕಂಡುಹಿಡಿದು, ಮುದ್ದೆಗೆ ಮಜ್ಜಿಗೆ ಕೇಳೋನು. "ನಮ್ಮವ್ವನ ಕೈ ಆ ಚಟ್ಟಿಲೈತೆ" ಅನ್ನೋನು. ನಮ್ಮ ಯಜಮಾನರು ಹೋದ ಮೇಲೆ ನನ್ನ ಊಟವೂ ಅವರ ಮನೆಯಲ್ಲೇ, ಹಂಗಾಗಿ ಇದೆಲ್ಲ ನನ್ನ ಕಣ್ಣೆದುರಿಗೇ ನಡೆದದ್ದು.

ಹೋದ ಬೇಸಿಗೆಯಲ್ಲಿ ಅವರ ಮೊಮ್ಮಗಳು ಲೋಹಿತಾ ಮಧುಗಿರಿ ಕಾಲೇಜಿಂದ ರಜಕ್ಕೆ ಬಂದಳು. ಅಜ್ಜಿ ಡಬ್ಬಿ ತಟ್ಟೋದು, ಮನೆ ತುಂಬ ಮಂಜು ಕವಿಯೋದು ನೋಡಿ ಡಬ್ಬಿ ಕಿತ್ತುಕೊಂಡಳು.

"ಇದನ್ನ ಯಾತರಲ್ಲಿ ಮಾಡ್ತಾರೆ ಗೊತ್ತೇನಜ್ಜಿ?"

"ಹೂವಲ್ಲಿ ಕಣೆ. ಡಬ್ಬಿ ಮ್ಯಾಲೆ ಚಿತ್ರ ಐತಲ್ಲ."

"ಕಲ್ಲಲ್ಲಿ. ಬಳಪದ ಕಲ್ಲು ಅಗೆದು, ಬೀಸಿ, ವಾಸನೆ ಬೆರೆಸ್ತಾರೆ. ಆ ಧೂಳು ಎದೆಗೆ ಹೋದ್ರೆ ಒಳ್ಳೇದಲ್ಲ. ಇನ್ಮೇಲೆ ಬ್ಯಾಡ."

ನನಗೆ ನಗು. ನಾನು ಓದಿದ್ದು ಎರಡನೇ ಕ್ಲಾಸು, ಬಳಪದಲ್ಲಿ ಬರೆದದ್ದಕ್ಕಿಂತ ತಿಂದದ್ದೇ ಹೆಚ್ಚು. ರಜ ಮುಗಿದಾಗ ಲೋಹಿತಾ ಡಬ್ಬೀನ ಬ್ಯಾಗಿಗೆ ತುರುಕಿ, ಇನ್ನೊಂದು ತಂದುಕೊಡಬೇಡ ಅಂತ ತಾತನಿಗೂ ಹೇಳಿ ಬಸ್ಸು ಹತ್ತಿದಳು.

ರಾಮಾಂಜಿನಮ್ಮ ಹೊರಗೆ ತಲೆ ಹಾಕಲಿಲ್ಲ. ನೀರಿಗೂ ನಾನೇ ಹೋಗಬೇಕಾಯ್ತು. ಅದರ ಮೇಲೆ ಚನ್ನರಾಯನದುರ್ಗದಿಂದ ಬೀಗರು ಬೇರೆ ಊಟಕ್ಕೆ ಬರೋರಿದ್ದರು. "ಬರೀ ಮಕದಲ್ಲಿ ಅವ್ರ ಮುಂದೆ ಹೆಂಗಕ್ಕ ನಿಂತ್ಕೊಳ್ಲಿ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು.

ಮಾರನೇ ಬೆಳಿಗ್ಗೆ ನೋಡ್ತೀನಿ, ಮುಖ ಬೆಳ್ಳಗಿದೆ. ಹಿತ್ತಲಲ್ಲಿ ಕಲ್ಲುಚಟ್ಟಿ ಬೋರಲು ಹಾಕಿಕೊಂಡು ಕುಡುಗೋಲಿನ ತುದಿಯಲ್ಲಿ ಕೆರೀತಾ ಕೂತಿದ್ದಾಳೆ. ಮೇಲಿನ ಮಸಿ ಹೋದರೆ ಒಳಗೆ ಬೆಳ್ಳನೆ ಹಿಟ್ಟು. ಅದನ್ನ ಹಳೇ ಪಂಚೆಯಲ್ಲಿ ಸೋಸಿ, ಮಲ್ಲಿಗೆ ಹೂವಿನ ಜೊತೆ ಮುಚ್ಚಿಟ್ಟಿದ್ದಳು.

"ಇದೇನೇ ಇದು?"

"ಇದೂ ಬಳಪದ ಕಲ್ಲೇ ಅಲ್ವೇನಕ್ಕ. ಇಷ್ಟ್ ವರ್ಸ ಇದ್ರಲ್ಲೇ ಉಂಡಿದೀವಿ, ಯಾರಿಗೇನಾಗೈತೆ? ಹೊಟ್ಟೆಗೆ ಹೋದ್ರೆ ಆಗ್ದಿರೋದು ಕೆನ್ನೆಗೆ ಹಚ್ಚಿದ್ರೆ ಆಗ್ತೈತಾ?"

"ಕದಿರಯ್ಯ ನೋಡಿದರೆ?"

"ಚಟ್ಟಿ ತಳ ಯಾವ ಗಂಡ್ಸು ನೋಡ್ತಾನೆ ಬುಡಕ್ಕ."

ಅದೂ ನಿಜವೇ. ದಿನಾ ಅಷ್ಟಷ್ಟು ಕೆರೆದಳು.

ಬೀಗರು ಬಂದ ದಿನ ಬೀಗಿತ್ತಿ ಇವಳ ಕೆನ್ನೆಯನ್ನೇ ನೋಡಿ, "ಎಷ್ಟು ನುಣ್ಣಗೈತಮ್ಮ, ಯಾವ ಪೌಡ್ರು?" ಅಂದಳು.

"ನಮ್ಮತ್ತೆ ಕಾಲದ್ದು" ಅಂದಳು ರಾಮಾಂಜಿನಮ್ಮ.

ಎಲೆ ಹಾಕಿ, ಮುದ್ದೆ ಇಟ್ಟು, ಸಾರಿಗೆ ಅಂತ ಒಳಗೆ ಹೋದರೆ ಒಲೆ ಬುಸ್ಸಂತು. ಚಟ್ಟಿ ತಳ ಬಿಟ್ಟುಕೊಂಡು ಬಸ್ಸಾರೆಲ್ಲ ಬೂದಿಗೆ. ವಾಸನೆ ಹಿಡಿದು ಕದಿರಯ್ಯ ಎದ್ದು ಬಂದ. ಟವೆಲ್ಲಿನಲ್ಲಿ ಚಟ್ಟಿ ಹಿಡಿದು ತಿರುವಿದ. ತಳ ಹಪ್ಪಳ ಆಗಿತ್ತು, ಅದರ ತುಂಬ ಕುಡುಗೋಲಿನ ಗೀರು. ಚಟ್ಟಿ ನೋಡಿದ, ಹೆಂಡತಿ ಕೆನ್ನೆ ನೋಡಿದ, ಮತ್ತೆ ಚಟ್ಟಿ ನೋಡಿದ.

"ನಮ್ಮವ್ವನ ಚಟ್ಟಿನ ಮಕಕ್ಕೆ ಬಳ್ಕೊಂಬುಟ್ಯಾ?"

ಅವಳು ಸೆರಗನ್ನ ಬಾಯಿಗೆ ಒತ್ತಿಕೊಂಡು ನಿಂತಳು. ಬೀಗರು ಮಜ್ಜಿಗೆಯಲ್ಲಿ ಮುದ್ದೆ ನುಂಗಿ ಹೋದರು.

ಆಮೇಲೆ ಅವನು ಮಾತು ಬಿಟ್ಟ. ತೂತಿನ ಚಟ್ಟೀನ ತೊಳೆದು ದೇವರ ಗೂಡಿನ ಪಕ್ಕ ಇಟ್ಟ. ಅವಳು ಬರೀ ಮುಖದಲ್ಲೇ ಓಡಾಡಿದಳು. ಅಂಥ ಮುಖ ಅವನೂ ಕಂಡಿರಲಿಲ್ಲವೇನೋ, ಕದ್ದು ಕದ್ದು ನೋಡೋನು.

ಕೊರಟಗೆರೆ ಸಂತೆಗೆ ಹೋದವನು ಬಂದು ಅವಳ ಮಡಿಲಿಗೆ ಒಂದು ಪೌಡ್ರು ಡಬ್ಬಿ ಹಾಕಿದ.

"ಲೋಹಿತಾ ಬೈತಾಳೆ" ಅಂದಳು.

"ಮಂಜು ಕವಿಸ್ಬ್ಯಾಡ, ಮೆಲ್ಲಗೆ ಹಚ್ಕೋ" ಅಂದ. ಆಮೇಲೆ ಡಬ್ಬಿ ವಾಪಸ್ ಇಸ್ಕೊಂಡು, ಕಿವಿ ಹತ್ತಿರ ಅಲ್ಲಾಡಿಸಿ ನೋಡಿ ಅಂದ: "ಇದ್ರೊಳಗೆ ಯಾರವ್ವನ ಚಟ್ಟಿ ಐತೋ."