ಚುಕ್ಕಿಯ ಪಟಕ್ಕೆ ಕಾವಲು

ಬೆಳಕು ಹಚ್ಚದೆ ಕತ್ತಲಲ್ಲಿ ಸುಮ್ಮನೆ ಕೂತಿರು ಅಂತ ಅಣ್ಣ ಒಂದೇ ಒಂದು ಕೆಲಸ ಒಪ್ಪಿಸಿದ. ಅದು ನನ್ನಿಂದ ಆಗಲಿಲ್ಲ. ಸುಮ್ಮನೆ ಕೂರುವುದೂ ಒಂದು ಕೆಲಸವೇ ಎಂದು ನೀವು ನಗಬಹುದು. ಕಾಡಿನ ಅಂಚಿನ ಹೊಲದಲ್ಲಿ, ಅಮಾವಾಸ್ಯೆಯ ರಾತ್ರಿ, ಒಮ್ಮೆ ಒಬ್ಬರೇ ಕೂತು ನೋಡಿ, ಆಮೇಲೆ ನಗಿ.

ನಮ್ಮೂರು ಭೀಮನಬೀಡು. ಅಣ್ಣ ಮೈಸೂರಿನಲ್ಲಿ ಫೋಟೋ ಕೆಲಸ ಕಲಿತು ಬಂದು ಗುಂಡ್ಲುಪೇಟೆಯಲ್ಲಿ ಮದುವೆ ಗಂಡು ಹೆಣ್ಣುಗಳ ಪಟ ತೆಗೆಯುತ್ತಿದ್ದ. ಅದು ಹೊಟ್ಟೆಪಾಡು. ಅವನ ಜೀವ ಇದ್ದದ್ದು ಗುಡ್ಡ, ಕಾಡುಗಿಡ, ಆಕಾಶದ ಮೇಲೆ.

"ಮನ್ಸನ ಮೊಕ ತಗುದ್ರೆ ಮನ್ಸ ಕಾಸು ಕೊಡ್ತಾನೆ ಕಣ್ಲಾ. ಗುಡ್ಡದ ಮೊಕ ತಗುದ್ರೆ ಗುಡ್ಡ ಏನ್ ಕೊಟ್ಟದು?" ಎಂದು ಅಪ್ಪ ಕೇಳುತ್ತಿದ್ದರು.

"ಗುಡ್ಡ ಅಳ್ಳಾಡ್ದೆ ಕೂತ್ಕತದಪ್ಪ, ಅದೇ ದೊಡ್ದು" ಎನ್ನುತ್ತಿದ್ದ ಅಣ್ಣ.

ನಾನು ಅಳ್ಳಾಡುವವಳು. ಬೇಲಿಯ ಗೌರಿಹೂವಿನ ಪಟ ತೆಗೆಯುವಾಗ ಹೂವು ಎದ್ದು ಕಾಣಲೆಂದು ಹಿಂದೆ ಬಿಳಿ ಪಂಚೆ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ. ಗಾಳಿಗೆ ಹೂವಿಗಿಂತ ಮೊದಲು ನಾನೇ ತೂಗುತ್ತಿದ್ದೆ. ಆದರೂ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಪಂಚೆ ಹಿಡಿಯಲಾದರೂ ಕರೆಯುತ್ತಿದ್ದವನು ಅವನೊಬ್ಬನೇ.

ಆ ವರ್ಷ ರಾಗಿ ಕಾಯಲು ಮನೆಯವರೆಲ್ಲ ಹೊಲದಲ್ಲಿ ಗುಡಿಸಲು ಹಾಕಿದ್ದೆವು. ಅಮಾವಾಸ್ಯೆಯ ರಾತ್ರಿ ಅಣ್ಣ ದಿಬ್ಬದ ಮೇಲೆ ಮೂರುಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿ, ಅದರ ಕಣ್ಣು ತೆರೆದು ಆಕಾಶಕ್ಕೆ ತಿರುಗಿಸಿದ. ಹಾಗೆ ಬಹಳ ಹೊತ್ತು ಬಿಟ್ಟರೆ ಚುಕ್ಕಿಗಳು ನಡೆದ ದಾರಿಯೆಲ್ಲ ಗೆರೆಯಾಗಿ ಮೂಡುತ್ತದಂತೆ. ನಡುವೆ ಬೇರೆ ಬೆಳಕು ತಾಗಿದರೆ ಪಟ ಕೆಡುತ್ತದಂತೆ.

"ಉಂಡ್ಕಂಡು ಬತ್ತೀನಿ. ಕಡ್ಡಿ ಗೀರ್ಬ್ಯಾಡ ಕಣಮ್ಮಿ. ಏನೇ ಸದ್ದಾದ್ರೂ ಸುಮ್ಕಿರು" ಎಂದು ದಿಬ್ಬದ ಆಚೆಗಿದ್ದ ಗುಡಿಸಲಿಗೆ ಹೋದ.

ನಮ್ಮ ಕಡೆ ಮಗು ಅಪ್ಪ ಅಮ್ಮ ಅನ್ನುವುದರ ಜೊತೆಗೇ ಎರಡು ಪಾಠ ಕಲಿಯುತ್ತದೆ. ಕತ್ತಲಾದ ಮೇಲೆ ಆನೆಯ ಹೆಸರು ಹೇಳಬಾರದು, 'ದೊಡ್ಡವನು' ಅನ್ನಬೇಕು. ದೊಡ್ಡವನ ಸದ್ದು ಕೇಳಿದರೆ ಬೆಂಕಿ ತೋರಿಸಬೇಕು. ಸುಮ್ಮನೆ ಕೂರು ಅಂತ ಯಾರೂ ಕಲಿಸಿರಲಿಲ್ಲ. ಕೆಳಗೆ ರಾಗಿಯೊಳಗೆ ಏನೋ ಭಾರವಾಗಿ ಉಸಿರುಬಿಟ್ಟಿತು. ತೆನೆ ಮುರಿಯುವ ಸದ್ದು. ಉಸಿರು ಇನ್ನೂ ಹತ್ತಿರ ಬಂತು. ನನ್ನ ಕೈ ನನ್ನನ್ನು ಕೇಳಲಿಲ್ಲ. ಕಾವಲಿಗೆಂದು ಇಟ್ಟಿದ್ದ ಪಂಜಿಗೆ ಕಡ್ಡಿ ಗೀರಿ, ಬಲವೆಲ್ಲ ಹಾಕಿ ಸದ್ದಿನತ್ತ ಎತ್ತರಕ್ಕೆ ಬೀಸಿ ಎಸೆದೆ. ಪಂಜು ಕ್ಯಾಮೆರಾದ ನೆತ್ತಿ ದಾಟಿ ಹೋಗಿ ಬಿತ್ತು. ದೊಡ್ಡವನು "ಅಂಬೋ" ಎಂದ. ಹಗ್ಗ ಕಿತ್ತುಕೊಂಡು ಬಂದ ನಮ್ಮದೇ ಎಮ್ಮೆ.

ಪಂಜು ಆರಿಸಿ ಬಚ್ಚಿಟ್ಟೆ. ಅಣ್ಣ ಬಂದು "ಬೆಳಕೇನಾದ್ರೂ ಕಂಡ್ತಾ?" ಅಂದ. "ಇಲ್ಲ ಕಣಣ್ಣ" ಅಂದೆ. ಎಮ್ಮೆ ಮಾತ್ರ ನನ್ನನ್ನೇ ನೋಡುತ್ತಿತ್ತು.

ಪಟ ತೊಳೆದಾಗ ಎಳೆಎಳೆಯಾದ ಚುಕ್ಕಿಗೆರೆಗಳ ನಡುವೆ ಬಿಲ್ಲಿನಂತೆ ಬಾಗಿದ ಒಂದು ದಪ್ಪ ಬೆಳಕು. ಕೆಟ್ಟುಹೋಯಿತು ಎಂದು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಣ್ಣ ಕುಣಿದುಬಿಟ್ಟ. "ಬಿದ್ದ ಚುಕ್ಕಿ ಕಣಮ್ಮಿ! ಬಾಗಿ ಬಿದ್ದದೆ ನೋಡು, ಇಂಥದ್ನ ಯಾರೂ ಪಟ್ದಲ್ಲಿ ಇಡ್ದಿಲ್ಲ." ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವರೆಲ್ಲ ಬಂದು ನೋಡಿದರು. ಗುಡ್ಡ ಏನು ಕೊಡುತ್ತದೆ ಎಂದು ಕೇಳುತ್ತಿದ್ದ ಅಪ್ಪನೇ ಬಂದವರಿಗೆಲ್ಲ ಪಟ ತೋರಿಸತೊಡಗಿದರು.

ಆಗ ಹಿಡಿದ ಭಯದ ಮುಂದೆ ಹೊಲದ ಭಯ ಏನೂ ಅಲ್ಲ. ಆನೆಯ ಭಯ ಎಮ್ಮೆ ಕೂಗಿದೊಡನೆ ಮುಗಿಯುತ್ತದೆ. ಸುಳ್ಳಿನ ಭಯ ಹಾಗಲ್ಲ. ಹೇಳಿದಾಗ ಸಾಸಿವೆಯಷ್ಟು ಇದ್ದದ್ದು, ಸುಮ್ಮನಿದ್ದಷ್ಟು ಹೊತ್ತೂ ಆ ಚುಕ್ಕಿಗಳ ಹಾಗೆ ಗೆರೆ ಎಳೆಯುತ್ತಲೇ ಹೋಗುತ್ತದೆ. ಯಾರಾದರೂ ಒಲೆಗೆ ಕಡ್ಡಿ ಗೀರಿದರೂ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಹೇಳಿಬಿಡೋಣ ಎಂದು ಹೋದರೆ ಅಣ್ಣ ಪಟಕ್ಕೆ ಚೌಕಟ್ಟು ಹಾಕುತ್ತಾ ಕೂತಿರುತ್ತಿದ್ದ. ಇನ್ನು ಪಂಚೆ ಹಿಡಿಯಲೂ ನನ್ನನ್ನು ಕರೆಯಲಾರ ಅನ್ನಿಸಿ ಹಿಂದಿರುಗುತ್ತಿದ್ದೆ.

ಕೊನೆಗೆ ಮೈಸೂರಿನ ಕಾಲೇಜಿನಲ್ಲಿ ಆಕಾಶದ ವಿಷಯ ಬಲ್ಲ ಮೇಷ್ಟ್ರೊಬ್ಬರಿಗೆ ಪಟ ತೋರಿಸಲು ಅಣ್ಣ ಹೊರಟ. ಬಲ್ಲವರು ನೋಡಿದೊಡನೆ ನಗುತ್ತಾರೆ. ಅಣ್ಣ ಆ ನಗುವಿನ ಎದುರು ಒಬ್ಬನೇ ನಿಂತಿರುತ್ತಾನೆ, ಯಾಕೆಂದೂ ತಿಳಿಯದೆ. ಬುತ್ತಿ ಕೊಡುವ ನೆಪದಲ್ಲಿ ಗುಂಡ್ಲುಪೇಟೆಯವರೆಗೂ ಜೊತೆಗೆ ಹೋದೆ. ಅಣ್ಣ ಮೈಸೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ಇಂಜಿನ್ ಗುರುಗುಟ್ಟಿದ ಮೇಲೆ ಕಿಟಕಿಯ ಹತ್ತಿರ ಹೋಗಿ ಏನೋ ಪಿಸುಗುಟ್ಟಿದೆ.

"ಏನಮ್ಮಿ? ಗಟ್ಟಿಯಾಗಿ ಏಳು, ಕೇಳಾಕಿಲ್ಲ."

ಎಂಥ ತಪ್ಪನ್ನೂ ಮೆಲ್ಲಗೆ ಒಪ್ಪಿಕೊಳ್ಳಬಹುದು ಎಂದುಕೊಂಡಿದ್ದೆ. ಬಸ್ಸು ಅದಕ್ಕೂ ಬಿಡಲಿಲ್ಲ. ಸೀಟಿನಲ್ಲಿದ್ದವರು, ಸೊಪ್ಪಿನ ಗಂಟಿನವರು, ಕಂಡಕ್ಟರು, ಎಲ್ಲರೂ ತಿರುಗಿ ನೋಡುವಂತೆ ಕಿಟಕಿಯ ಸರಳು ಹಿಡಿದು ಕೂಗಿದೆ:

"ಅದು ಚುಕ್ಕಿ ಅಲ್ಲ ಕಣಣ್ಣ. ನಾ ಎದ್ರಿ ಎಸ್ದ ಪಂಜು. ನಿನ್ ಪಟ ಕೆಡಿಸ್ಬುಟ್ಟೆ, ಸುಳ್ಳೂ ಏಳ್ಬುಟ್ಟೆ. ತಪ್ಪಾಯ್ತು ಕಣಣ್ಣ, ಇಳ್ಕಂಡು ಬಾ."