ಹೀರೋನ ಹೆಸರು

ನಾನು ಕೊಟ್ಟೂರಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಲ್ಲಿ ಕಾದಂಬರಿ ಬರೆಯುವ ಅಕ್ಕ ಒಬ್ಬರಿದ್ದರು. ರೊಟ್ಟಿ ಬಡಿದು ಮುಗಿಸಿ, ಕೈ ಒರೆಸಿಕೊಂಡು ಬರೆಯಲು ಕೂರುತ್ತಿದ್ದರು. ಹಾಳೆಯ ಮೇಲಿನ ಪ್ರೇಮಿಗಳಿಗೆಲ್ಲ ಜೋಳದ ಹಿಟ್ಟು ಮೆತ್ತಿರುತ್ತಿತ್ತು. ಮಧ್ಯಾಹ್ನ ಓಣಿಯ ಹೆಂಗಸರು ಅವರ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತರೆ, ಬರೆದದ್ದನ್ನು ಓದಿ ಹೇಳುತ್ತಿದ್ದರು.

ಒಂದು ದಿನ ಹಾಳೆಗಳನ್ನು ನನ್ನ ಮಡಿಲಿಗೆ ಹಾಕಿದರು. "ಈ ಸಲ ನೀ ಓದವ್ವಾ. ಹೀರೋಗೆ ಚಂದ್ರಶೇಖರ ಅಂತ ಇಟ್ಟೀನಿ, ನಮ್ಮನಿಯವರ ಹೆಸರು. ಗಂಡನ ಹೆಸರು ನಾ ಹೆಂಗ ಹೇಳ್ಲಿ?"

ಉಳಿದವರು ಯಾಕೋ ನಗು ನುಂಗಿದರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಡವರಿಸಿ ನಿಂತಾಗಲೆಲ್ಲ ಅಕ್ಕ, ತಾವೇ ಬರೆದ ಕಥೆ ತಮಗೇ ಗೊತ್ತಿಲ್ಲದವರಂತೆ ಕೇಳುತ್ತಿದ್ದರು: "ಮುಂದೇನಾತವ್ವಾ?" ಇವತ್ತು ಅಂಗನವಾಡಿ ಮಕ್ಕಳಿಗೆ ಕಥೆ ಓದುವ ಧೈರ್ಯ ನನಗೆ ಬಂದದ್ದು ಅಲ್ಲಿಂದಲೇ.

ಕೊನೆಯ ಅಧ್ಯಾಯವನ್ನು ಸರಾಗವಾಗಿ ಓದುತ್ತಿದ್ದಾಗ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ಕೂಗಿದ: "ಗುರುಸಿದ್ದಪ್ಪ ಅದಾರೇನ್ರಿ?"

ಓಣಿಗೆಲ್ಲ ಬರೀ 'ಮೇಷ್ಟ್ರು' ಆಗಿದ್ದ ಅಕ್ಕನ ಗಂಡ, "ನಾನ್ರೀ, ಬಂದೆ" ಎಂದು ಒಳಗಿನಿಂದ ಎದ್ದು ಬಂದರು.

ನಾನು ಓದು ನಿಲ್ಲಿಸಿ ಅಕ್ಕನ ಮುಖ ನೋಡಿದೆ. ಅವರು ತಲೆ ಎತ್ತದೆ ಹುಣಸೆಬೀಜ ತೆಗೆಯುತ್ತಿದ್ದರು.

"ಮುಂದೇನಾತವ್ವಾ?"